ಇಲ್ಲಿ ನೀರು ಹಾಕಬಾರದು

ನಮ್ಮ ಕಾಕಾ ನೌಕರಿಯುದ್ದಕ್ಕೂ ಊರಿಗೆ ನೀರು ಬಿಟ್ಟವರು. ನಿವೃತ್ತರಾದ ಮೇಲೆ ಯಾರಾದರೂ ನೀರು ಹಾಕಿದರೆ ಹೊಡೆಯಲು ಹೋಗುವವರು. ಈ ಎರಡೂ ವಾಕ್ಯಗಳನ್ನು ನಾನು ಪರಿಶೀಲಿಸಿಯೇ ಬರೆದಿದ್ದೇನೆ. ಪತ್ರಿಕೆಯಲ್ಲಿ ಕೆಲಸ ಮಾಡುವವನು ಸಂಬಂಧಿಕರ ವಿಷಯದಲ್ಲೂ ಉತ್ಪ್ರೇಕ್ಷೆ ಮಾಡಬಾರದು ಎಂಬುದು ನನ್ನ ನಿಯಮ. ಆದರೆ ಸಂಬಂಧಿಕರೇ ಉತ್ಪ್ರೇಕ್ಷೆಯಾಗಿ ಹುಟ್ಟಿಬಿಟ್ಟರೆ ವರದಿಗಾರ ಏನು ಮಾಡಬೇಕು?

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಪುರಸಭೆಯೊಂದರಲ್ಲಿ ವಾಲ್ವ್ ತಿರುಗಿಸುವ ಕೆಲಸ. ಯಾವ ಪುರಸಭೆ ಎಂದು ಬರೆಯುವುದಿಲ್ಲ, ಅಲ್ಲಿನ ಜನ ಇನ್ನೂ ಅವರನ್ನು ಹುಡುಕುತ್ತಿರಬಹುದು. ಸೈಕಲ್ಲಿನ ದಂಡಿಗೆ ಉದ್ದನೆಯ ಕಬ್ಬಿಣದ ಚಾವಿ ಕಟ್ಟಿಕೊಂಡು ಅವರು ಬೆಳಿಗ್ಗೆ ಹೊರಟರೆ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಚಾವಿ ಯಾವ ವಾಲ್ವಿನ ಕುಣಿಗೆ ಇಳಿಯಿತೋ ಆ ಓಣಿಗೆ ಅಂದು ನೀರು. ಉಳಿದ ಓಣಿಗಳವರು ಕೇಳುತ್ತಿದ್ದರು: "ಕಾಕಾರ, ನಮಗ ಯಾವತ್ತರಿ?" ಕಾಕಾ ಸೈಕಲ್ಲಿನಿಂದ ಇಳಿಯದೆ ಹೇಳುತ್ತಿದ್ದರು: "ಇವತ್ತಿಲ್ಲ, ನಾಳಿ." ಇದು ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಒಂದು ಮದುವೆಯ ಪಂಕ್ತಿಯಲ್ಲಿ ಬಡಿಸುವವನು ಎದುರಿಗೆ ಬಂದು "ಕಾಕಾರ, ಹೋಳಿಗಿ ಹಾಕ್ಲೇನ್ರಿ?" ಎಂದಾಗ ತಲೆ ಎತ್ತದೆ "ಇವತ್ತಿಲ್ಲ, ನಾಳಿ" ಎಂದುಬಿಟ್ಟರು. ಹೋಳಿಗೆಯ ಬುಟ್ಟಿ ಮುಂದೆ ಹೋಯಿತು. ಮರಳಿ ಬರಲಿಲ್ಲ.

ನಿವೃತ್ತಿಯ ದಿನ ಶಾಲು, ಹಾರ, ತೆಂಗಿನಕಾಯಿಯ ಜೊತೆಗೆ ಯಾರೋ ಒಂದು ಸಣ್ಣ ಕುಂಡವನ್ನೂ ಕೈಗಿಟ್ಟರು. ಅದರಲ್ಲಿ ಬುಡ ಬಾತುಕೊಂಡ, ನಾಲ್ಕು ಎಲೆಯ ಒಂದು ಗಿಡ. ಕಾಕಾ ಅದನ್ನು ತಂದು ಸಿಂದಗಿಯ ತಮ್ಮ ಮನೆಯ ಮಾಳಿಗೆಯ ಮೇಲಿಟ್ಟು ಮರೆತರು. ಬೇಸಿಗೆ ಬಂತು. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಕಾಗೆಗಳೂ ರಜೆ ಹಾಕುತ್ತವೆ. ಆ ಬಿಸಿಲಿನಲ್ಲಿ ಹಪ್ಪಳ ಒಣಹಾಕಲು ಮಾಳಿಗೆ ಹತ್ತಿದ ಕಾಕು, ಅಂದರೆ ಕಾಕಾ ಅವರ ಹೆಂಡತಿ, ಅಲ್ಲಿಂದಲೇ ಕೂಗಿದರು: "ರೀ, ಬರ್ರಿಲ್ಲೆ ಲಗೂನ! ಇದು ಸತ್ತಿಲ್ಲರಿ, ಹೂ ಬಿಟ್ಟೈತಿ!"

ಕಾಕಾ ಹೋಗಿ ನೋಡಿದರು. ಗುಲಾಬಿ ಬಣ್ಣದ ಹೂಗಳು, ಒಂದು ಗೊಂಚಲು. ಬೊಗಸೆ ನೀರೂ ಕುಡಿಯದೆ ಬಿಟ್ಟ ಹೂ. ಅವರು ಆಮೇಲೆ ನನಗೆ ಹೇಳಿದ್ದು ಹೀಗೆ: "ಇಷ್ಟ ವರ್ಷದ ಸರ್ವಿಸಿನ್ಯಾಗ ನೀರ ಕೇಳದಾಂವನ್ನ ಒಬ್ಬನ್ನೂ ನೋಡಿಲ್ಲ ತಮ್ಮಾ. ಇದ ಮೊದಲ."

ನರ್ಸರಿಯವರು ಈ ಗಿಡಕ್ಕೆ ಅಡೇನಿಯಂ ಎನ್ನುತ್ತಾರೆ. ಕಾಕಾ 'ಹೊಟ್ಟಿ ಗಿಡ' ಎನ್ನುತ್ತಾರೆ. ಉಂಡು ಗೋಡೆಗೆ ಒರಗಿ ಕೂತ ಮನುಷ್ಯನ ಹೊಟ್ಟೆಯ ಹಾಗೆ ಅದರ ಕಾಂಡ ಬುಡದಲ್ಲಿ ಉಬ್ಬಿರುತ್ತದೆ. ಕುಡಿದ ನೀರೆಲ್ಲ ಆ ಹೊಟ್ಟೆಯಲ್ಲಿ ದಾಸ್ತಾನು. "ನೋಡು, ಒಬ್ಬೊಬ್ಬಂವಗೂ ಸ್ವಂತ ಟಾಕಿ ಐತಿ. ಪುರಸಭೆ ಮುಂದ ಬಂದು ಕೊಡಾ ಬಾರಸೂದಿಲ್ಲ," ಎಂದು ಕಾಕಾ ಮೆಚ್ಚಿಕೊಂಡರು. ಕೆಲವೇ ವರ್ಷಗಳಲ್ಲಿ ಮಾಳಿಗೆಯ ತುಂಬ ಹೊಟ್ಟೆಗಳು ಕೂತವು.

ಕಾಕಾ ಅವುಗಳಿಗೆ ಹೊಟ್ಟೆಗೆ ತಕ್ಕ ಹೆಸರಿಟ್ಟರು. ನಡುವಿನಲ್ಲಿ ಬೆಲ್ಟಿನ ಗೆರೆ ಇದ್ದದ್ದು ಫೌಜದಾರ. ಬೆಳ್ಳಗೆ, ಅಚ್ಚುಕಟ್ಟಾಗಿ ಇದ್ದದ್ದು ಮಾಸ್ತರ. ಎಲ್ಲಕ್ಕೂ ದೊಡ್ಡದು, ಸನ್ಮಾನದಲ್ಲಿ ಬಂದ ಆ ಮೊದಲ ಗಿಡ, ಈಗ ಎರಡು ಕೈಯಿಂದ ತಬ್ಬಿ ಎತ್ತಬೇಕಾದದ್ದು, ಗೌಡ್ರು. ಮೂಲೆಯಲ್ಲಿ ಒಂದು ಕಡ್ಡಿಯಂಥ ಗಿಡ ಇತ್ತು. ಅದರ ಹೆಸರೇನು ಎಂದು ಕೇಳಿದೆ.

"ಪೇಪರ್‌ನ್ಯಾಂವ."

"ಯಾಕ್ರಿ ಕಾಕಾ?"

"ಎಷ್ಟ ಗೊಬ್ಬರ ಹಾಕಿದ್ರೂ ಮೈ ಹತ್ತೂದಿಲ್ಲ. ಹೂ ಒಂದ ಬಿಡ್ತೈತಿ, ಅದೂ ಬ್ಯಾರೇದಾರದ ನೋಡಿ."

ನಾನು ಈ ಹೇಳಿಕೆಗೆ ಪ್ರತಿಕ್ರಿಯೆ ನೀಡಲಿಲ್ಲ.

ಪಕ್ಕದ ಮನೆ ದರ್ಜಿ ಹುಸೇನಸಾಬರದು. ಎರಡೂ ಮಾಳಿಗೆಗಳ ನಡುವೆ ಮೊಣಕಾಲೆತ್ತರದ ಗೋಡೆ. ಕಾಕಾ ತಿಂಗಳಿಗೊಮ್ಮೆ ಹುಸೇನಸಾಬರ ಕೊರಳಿನ ಟೇಪನ್ನು ಕೊರಳಿನಿಂದಲೇ ಎಳೆದುಕೊಂಡು ಹೋಗಿ ಗಿಡಗಳ ಹೊಟ್ಟೆ ಅಳೆಯುತ್ತಿದ್ದರು. ಹುಸೇನಸಾಬರು ಗೋಡೆಯ ಮೇಲೆ ಕೂತು ಕೇಳುತ್ತಿದ್ದರು: "ಅಣ್ಣಾರ, ಗೌಡ್ರಿಗೆ ಅಂಗಿ ಹೊಲೀಲೇನ್ರಿ?"

"ಬ್ಯಾಡ. ಮುಂದಿನ ತಿಂಗಳಾ ಬಿಗಿ ಆಗ್ತೈತಿ."

ಅಳತೆಯ ನಂತರ ಹೆಬ್ಬೆರಳಿನ ಪರೀಕ್ಷೆ. ಗಿಡದ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಬೇಕು. ಗಟ್ಟಿಯಿದ್ದರೆ ಆರೋಗ್ಯ, ಮೆತ್ತಗಿದ್ದರೆ ಒಳಗೆ ಕೊಳೆತಿದೆ ಎಂದು ಅರ್ಥ. ಈ ಗಿಡ ಬಾಯಾರಿ ಸಾಯುವುದಿಲ್ಲ, ಕುಡಿದು ಸಾಯುತ್ತದೆ. ಹೀಗೆ ಒತ್ತಿ ಒತ್ತಿ ಕಾಕಾ ಅವರ ಹೆಬ್ಬೆರಳು ಅವರ ಮಾತು ಕೇಳುವುದನ್ನು ಬಿಟ್ಟಿತು. ಸಂತೆಯಲ್ಲಿ ಬದನೆಕಾಯಿ ಒತ್ತಿದರು, ಸರಿ. ಬಸ್ಸಿನ ಸೀಟು ಒತ್ತಿದರು, ಅದೂ ಸರಿ. ಆದರೆ ಮಗಳನ್ನು ನೋಡಲು ಮುದ್ದೇಬಿಹಾಳದಿಂದ ಗಂಡಿನ ಕಡೆಯವರು ಬಂದಾಗ ನಡೆದದ್ದನ್ನು ಸ್ವಲ್ಪ ವಿವರವಾಗಿ ಬರೆಯಬೇಕು.

ಕುಂಡ ಬದಲಿಸುವಾಗ ಈ ಗಿಡವನ್ನು ಪೂರ್ತಿ ಕಿತ್ತು, ಬೇರು ತೊಳೆದು, ಬೇಡದ ಬೇರು ಕತ್ತರಿಸಿ, ಗಾಯ ಒಣಗುವವರೆಗೆ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕುವುದು ಕಾಕಾ ಅವರ ಪದ್ಧತಿ. ಆ ದಿನ ಪಡಸಾಲೆಯ ತೊಲೆಗೆ ಸಾಲಾಗಿ ಹೊಟ್ಟೆಗಳು ನೇತಾಡುತ್ತಿದ್ದವು. ಬಂದವರು ಕೂತದ್ದು ಸರಿಯಾಗಿ ಅವುಗಳ ಕೆಳಗೆ. ಹುಡುಗನ ತಂದೆ ಮೇಲೆ ನೋಡಿ ಕೇಳಿದರು: "ಏನ್ರಿ ಬೀಗರ ಇವು?"

ಕಾಕಾ ಶ್ರದ್ಧೆಯಿಂದ ವಿವರಿಸಿದರು: "ಮನಿಗೆ ತಂದ ಕೂಡಲೇ ಬುಡಾ ಕತ್ತರಿಸಿ, ಹಿಂಗ ತಲಿಕೆಳಗ ಮಾಡಿ ಕಟ್ತೇನ್ರಿ. ಹನಿ ನೀರ ಕೊಡೂದಿಲ್ಲ. ಅಂದ್ರ ಗಟ್ಟಿ ಆಗ್ತಾವ."

ಹುಡುಗನ ತಾಯಿ ಮೊದಲು ಗಿಡಗಳನ್ನು, ಆಮೇಲೆ ತಮ್ಮ ಮಗನನ್ನು ನೋಡಿದರು. ಆ ಹೊತ್ತಿಗೆ ಕಾಕಾ ಹುಡುಗನ ಪಕ್ಕದಲ್ಲಿ ಕೂತು, ಮಾತಾಡುತ್ತಲೇ, ಅವನ ತೋಳನ್ನು ಹೆಬ್ಬೆರಳಿನಿಂದ ಎರಡು ಕಡೆ ಒತ್ತಿದ್ದರು. ಒಳಗಿನ ಕೋಣೆಗೆ ಕೇಳುವಂತೆ ಹೇಳಿದರು: "ಅಗದಿ ಗಟ್ಟಿ ಅದಾನ."

ಮದುವೆ ಆಯಿತು. ಹುಡುಗಿ ಚೆನ್ನಾಗಿದ್ದಳು, ಬೀಗರು ದೊಡ್ಡ ಮನಸ್ಸಿನವರು. ಅಳಿಯ ಮಾತ್ರ ಇವತ್ತಿಗೂ ಮಾವನಿಂದ ಒಂದು ತೋಳಿನ ಅಂತರದಲ್ಲಿ ಕೂರುತ್ತಾನೆ.

ನಮ್ಮ ಸೀಮೆಯ ಹೆಮ್ಮೆ ಎರೆ ಭೂಮಿ. ಬಿಳಿಜೋಳ ಬೆಳೆದು ಕೊಡುವ ಆ ಕಪ್ಪು ಮಣ್ಣನ್ನು ಕಾಕಾ ಗೇಟಿನ ಒಳಗೆ ಬಿಡಲಿಲ್ಲ. ಇಂಡಿ ತಾಲೂಕಿನ ಕಡೆಯ ಹಳೆಯ ಗೆಳೆಯರೊಬ್ಬರು ಪ್ರೀತಿಯಿಂದ ತಮ್ಮ ಹೊಲದ ಮಣ್ಣನ್ನು ಚೀಲದಲ್ಲಿ ತುಂಬಿ ತಂದಾಗ ಕಾಕಾ ಚೀಲವನ್ನು ಹಾಗೇ ವಾಪಸು ಹೊರಿಸಿದರು: "ನಿಮ್ಮ ಮಣ್ಣ ಕುಡಕ ಐತ್ರಿ. ಕುಡದದ್ದ ಬಿಡೂದಿಲ್ಲ. ನನ್ನ ಹುಡುಗೂರ ಕೆಡ್ತಾವ." ಅವರಿಗೆ ಬೇಕಾದದ್ದು ಮರಳು, ಇಟ್ಟಂಗಿಯ ಚೂರು. ಊರಿನಲ್ಲಿ ಯಾರ ಗೋಡೆ ಬಿದ್ದರೂ ಮೊದಲು ಹೋಗಿ ನಿಲ್ಲುತ್ತಿದ್ದವರು ಇವರೇ. ಮನೆಯವರು ಸಮಾಧಾನ ಹೇಳಲು ಬಂದಿದ್ದಾರೆ ಎಂದುಕೊಳ್ಳುತ್ತಿದ್ದರು. ಕಾಕಾ ಸಮಾಧಾನವನ್ನೂ ಹೇಳುತ್ತಿದ್ದರು, ಬುಟ್ಟಿ ತುಂಬುವವರೆಗೆ.

ಇಷ್ಟಾದರೂ ಕಾಕಾ ಅವರ ನಿಜವಾದ ಶತ್ರು ಮಣ್ಣಲ್ಲ, ನಮ್ಮ ಜಿಲ್ಲೆಯ ಜನರ ಕರುಣೆ. ನೀರಿನ ಬೆಲೆ ಗೊತ್ತಿರುವ ಜನ ನಾವು. ಮನೆಗೆ ಬಂದವನ ಹೆಸರು ಕೇಳುವ ಮೊದಲು ತಂಬಿಗೆ ಮುಂದಿಡುತ್ತೇವೆ. ಒಣಗಿದ್ದು ಏನೇ ಕಂಡರೂ ನಮ್ಮ ಕೈ ತಡೆಯುವುದಿಲ್ಲ. ಬಸವನಬಾಗೇವಾಡಿಯಲ್ಲಿ ಕೆಲವು ಹವ್ಯಾಸಿಗಳು ಸೇರಿ ಹೂಗಿಡಗಳನ್ನು ಜೋಡಿಸಿಟ್ಟು ತೋರಿಸುತ್ತಾರೆ ಎಂದು ತಿಳಿದು ಕಾಕಾ ಗೌಡ್ರನ್ನು ಬಸ್ಸಿನಲ್ಲಿ ಕರೆದೊಯ್ದರು. ಕಿಟಕಿಯ ಸೀಟು ಗೌಡ್ರಿಗೆ, ಪಕ್ಕದ್ದು ತಮಗೆ. ನಾನು ಹಿಂದಿನ ಸೀಟಿನಲ್ಲಿದ್ದೆ, ಆದ್ದರಿಂದ ಇದು ಪ್ರತ್ಯಕ್ಷ ವರದಿ.

ಎದುರಿನ ಸೀಟಿನ ಅಜ್ಜಿ ತಿರುಗಿ ನೋಡಿದರು. "ಯವ್ವಾ, ಇದಕ್ಕೇನ ಆಗೇತ್ರಿ? ಹೊಟ್ಟಿ ಬಾತೈತಿ, ತಲಿ ಒಣಗೈತಿ."

"ಅದರ ಜಾತಿನಾ ಹಂಗ ಬೇ."

"ಜಾತಿ ಯಾವುದರ ಇರ್ಲಿ, ಬಿಸಲೈತಲ್ಲ," ಎಂದ ಅಜ್ಜಿ ತಮ್ಮ ಬಾಟಲಿಯ ಮುಚ್ಚಳ ತೆಗೆದು ಗೌಡ್ರ ಬುಡಕ್ಕೆ ಬಗ್ಗಿಸಿದರು. ಕಾಕಾ ಹೊರಡಿಸಿದ ಕೂಗಿಗೆ ಡ್ರೈವರ್ ಬ್ರೇಕ್ ಹಾಕಿದ. ಕಂಡಕ್ಟರ್ ಓಡಿ ಬಂದ. "ಏನಾತ್ರಿ ಅಜ್ಜಾರ? ಯಾರ ಬಿದ್ರು?"

"ನೀರ ಬಿತ್ತು!"

ಕಂಡಕ್ಟರ್ ಸುತ್ತ ನೋಡಿ, ಗಂಭೀರವಾಗಿ ಸೀಟಿ ಊದಿ ಬಸ್ಸು ಹೊರಡಿಸಿದ. ಬಾಗೇವಾಡಿ ತಲುಪುವವರೆಗೆ ಇಡೀ ಬಸ್ಸು ಕಾಕಾ ಅವರನ್ನು ನೋಡಿದ ರೀತಿಯನ್ನು ನಾನು ಬರೆಯಲಾರೆ. ಬಾಯಾರಿದವನ ಬಾಯಿಂದ ನೀರು ಕಸಿದ ಮನುಷ್ಯ! ಅಲ್ಲಿ ಗೌಡ್ರಿಗೆ ಬಹುಮಾನ ಬಂತು. ಬಹುಮಾನ ಒಂದು ಸ್ಟೀಲಿನ ತಂಬಿಗೆ. ನೀರು ಹಾಕಲು.

ಆ ತಂಬಿಗೆ ಕಾಕು ಅವರ ಪಾಲಾಯಿತು. ಕಾಕು ನಮ್ಮ ಜಿಲ್ಲೆಯ ಕರುಣೆಯ ಪ್ರಧಾನ ಕಚೇರಿ. ನಾನು ವರದಿಗೆಂದು ಸಿಂದಗಿಗೆ ಹೋದಾಗಲೆಲ್ಲ ಅವರ ಮನೆಗೆ ಹೋಗುತ್ತಿದ್ದೆ. ಚಪ್ಪಲಿ ಬಿಡುವಷ್ಟರಲ್ಲಿ ನೀರು, ಕೂರುವಷ್ಟರಲ್ಲಿ ಚಹಾ, ಕಪ್ಪು ಕೆಳಗಿಡುವಷ್ಟರಲ್ಲಿ ಇನ್ನೊಂದು ಚಹಾ.

"ಈಗ ಕುಡದೇನಲ್ರಿ ಕಾಕು."

"ಯಾವಾಗ ಕುಡದಿ? ಬಂದಾಗಿಂದ ಹಂಗ ಕುಂತಿ. ಕುಡೀ ಯಪ್ಪಾ, ಬಿಸಲಾಗ ಬಂದಿ."

ನಾನು ಕುಡಿಯುತ್ತಿದ್ದೆ. ನಮ್ಮ ಕಡೆ ಎರಡನೇ ಚಹಾ ಬೇಡ ಎಂದವನನ್ನು ಬೆಂಗಳೂರಿನವನು ಎಂದು ತಿಳಿಯುತ್ತಾರೆ. ಹೋದ ವರ್ಷದಿಂದ ಮೂರನೆಯದೂ ಬರತೊಡಗಿತ್ತು. ಪಲ್ಯದಲ್ಲಿ ಉಪ್ಪು ಎರಡು ಸಲ ಬೀಳುತ್ತಿತ್ತು. "ನಿಮ್ಮ ಕಾಕೂನ ಕೈ ಉದಾರ ಆಗಾಕತ್ತೈತಿ," ಎಂದು ಕಾಕಾ ನೀರು ಕುಡಿದು ನಗುತ್ತಿದ್ದರು. ಅವರು ನೀರು ಧಾರಾಳವಾಗಿ ಬಳಸುತ್ತಿದ್ದ ಏಕೈಕ ಸಂದರ್ಭ ಅದು.

ಗಿಡಗಳ ವಿಷಯದಲ್ಲಿ ಗಂಡ ಹೆಂಡತಿಗೆ ಹಳೆಯ ಜಗಳ.

"ಮನ್ಯಾಗ ಇದ್ದವರಿಗೆ ನೀರ ಕೊಡದ ಇರೂದು ಯಾವ ಪದ್ಧತಿರಿ?"

"ಅವು ಗಿಡಾ ಅದಾವ. ನೆಂಟರಲ್ಲ."

"ನೆಂಟರ ಆಗಿದ್ರ ಎಂದೋ ಎದ್ದ ಹೋಗ್ತಿದ್ರು. ಗಿಡಾ ಅಂತ ಕುಂತಾವ."

ಕಾಕಾ ತಗಡಿನ ಹಲಗೆಯೊಂದಕ್ಕೆ ಬಣ್ಣ ಹೊಡೆದು ಮಾಳಿಗೆಯ ಬಾಗಿಲ ಎದುರಿಗೆ ನಿಲ್ಲಿಸಿದರು: 'ಇಲ್ಲಿ ನೀರು ಹಾಕಬಾರದು. ಹಾಕಿದವರ ಮೇಲೆ ಸೂಕ್ತ ಕ್ರಮ ಜರುಗಿಸಲಾಗುವುದು.' ಸರ್ಕಾರಿ ಸೇವೆಯ ಭಾಷೆ ನಿವೃತ್ತಿಯಾಗುವುದಿಲ್ಲ. ಕಾಕು ಆ ಹಲಗೆಯ ಮೇಲೆ ಒಗೆದ ಟವೆಲ್ಲು ಹಾಕತೊಡಗಿದರು.

ಕಳೆದ ಚಳಿಗಾಲದಲ್ಲಿ ಕಾಕಾ ನನಗೆ ಫೋನ್ ಮಾಡಿದರು. ದನಿ ಸಣ್ಣಗಿತ್ತು.

"ತಮ್ಮಾ, ಮನ್ಯಾಗ ಕಳ್ಳತನ ಆಗೇತಿ."

"ಏನ್ ಹೋಗೇತ್ರಿ ಕಾಕಾ?"

"ಹೋಗಿಲ್ಲ. ಬಂದೈತಿ. ನೀರ ಬಂದೈತಿ."

ಚಳಿಯಲ್ಲಿ ಈ ಗಿಡಗಳು ಎಲೆ ಉದುರಿಸಿ ನಿದ್ದೆ ಹೋಗುತ್ತವೆ. ನೋಡಿದವರಿಗೆ ಸತ್ತಂತೆ ಕಾಣುತ್ತವೆ. ಆಗ ಒಂದು ತಂಬಿಗೆ ನೀರೂ ವಿಷ. ಯಾರೋ ದಿನವೂ ನೀರು ಹಾಕುತ್ತಿದ್ದಾರೆ, ಮಾಸ್ತರ ಹೋದ, ಫೌಜದಾರನ ಒಂದು ಬದಿ ಮೆತ್ತಗಾಗಿದೆ, ಹೀಗೇ ಆದರೆ ಗೌಡ್ರು ಉಳಿಯುವುದಿಲ್ಲ ಎಂದರು. ನಾನು ಹೋದೆ. ಮಾಳಿಗೆಯಲ್ಲಿ ಮಾಸ್ತರನ ಕುಂಡ ಖಾಲಿ ಇತ್ತು. ಕಾಕಾ ಗೌಡ್ರ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು, ಹೆಬ್ಬೆರಳಿನಿಂದ ಒತ್ತಲು ಧೈರ್ಯವಿಲ್ಲದೆ.

ಮೊದಲ ಸಂಶಯ ಹುಸೇನಸಾಬರ ಮೇಲೆ. ಅವರು ಗೋಡೆಯ ಆ ಕಡೆಯಿಂದಲೇ ಹೇಳಿಕೆ ಕೊಟ್ಟರು: "ಅಣ್ಣಾರ, ನನ್ನ ಮನಿ ನಳಕ್ಕ ನೀರ ಬಂದು ನಾಕ ದಿನಾ ಆತು. ಇದ್ದ ನೀರಾಗ ಮಾರಿ ತೊಳ್ಕೊಳ್ಳೋ, ನಿಮ್ಮ ಗೌಡ್ರಿಗೆ ಹಾಕ್ಲೋ?" ಹೇಳಿಕೆ ನಂಬಲರ್ಹವಾಗಿತ್ತು. ಎರಡನೇ ಸಂಶಯ ಕಾಕು ಮೇಲೆ. ಕಾಕಾ ಕೇಳಿಯೇ ಬಿಟ್ಟಿದ್ದರು. "ನಾ ಯಾಕ ಹಾಕ್ಲಿರಿ? ಮಾಳಿಗಿ ಮ್ಯಾಲ ತುಳಸಿಗೆ ಒಂದ ತಂಬಗಿ ಹಾಕ್ತೇನಿ, ಅಷ್ಟ," ಎಂದು ಕಾಕು ಹೇಳಿದ್ದರು. ಅವರ ಮುಖದಲ್ಲಿ ಸುಳ್ಳಿನ ಒಂದು ಗೆರೆಯೂ ಇರಲಿಲ್ಲವಂತೆ. ಅದೇ ಕಾಕಾ ಅವರಿಗೆ ಬಗೆಹರಿಯದ ಒಗಟು. ಮಾಳಿಗೆಯ ನಳದ ಹಿಡಿಯನ್ನೇ ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಊರಿಗೆಲ್ಲ ನೀರು ಬಂದ್ ಮಾಡಿದ ಅನುಭವ ಅವರದು. ಆದರೂ ಬೆಳಿಗ್ಗೆ ನೋಡಿದರೆ ಕುಂಡಗಳು ಒದ್ದೆ.

ಮರುದಿನ ಬೆಳಿಗ್ಗೆ ನಾವು ಮೂವರು, ಕಾಕಾ, ಹುಸೇನಸಾಬರು ಮತ್ತು ನಾನು, ನೀರಿನ ಟಾಕಿಯ ಹಿಂದೆ ಅಡಗಿ ಕೂತೆವು. ಕಾಕಾ ವಾಕಿಂಗಿಗೆ ಹೋಗುತ್ತೇನೆಂದು ಮುಂಬಾಗಿಲಿನಿಂದ ಹೊರಟು, ಹುಸೇನಸಾಬರ ಮನೆಯ ಮೆಟ್ಟಿಲು ಹತ್ತಿ, ಗೋಡೆ ದಾಟಿ ಬಂದಿದ್ದರು. ತಮ್ಮ ಮನೆಗೆ ತಾವೇ ಗೋಡೆ ಹಾರಿ ಬಂದದ್ದಕ್ಕೆ ಮೊಣಕಾಲು ತರಚಿತ್ತು.

ಮೆಟ್ಟಿಲ ಮೇಲೆ ಸಪ್ಪಳ. ಬಂದವರು ಕಾಕು. ಕೈಯಲ್ಲಿ ಬಹುಮಾನದ ತಂಬಿಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತುಳಸಿಗೆ ನೀರು ಹಾಕಿ ಕೈ ಮುಗಿದರು. ಆಮೇಲೆ ಹೊಟ್ಟೆಗಳ ಕಡೆ ತಿರುಗಿ, ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ಹಾಕುತ್ತ ಹೇಳಿದರು: "ಕುಡೀರ್ಯಪ್ಪಾ, ಕುಡೀರಿ. ಇವತ್ತ ಯಾರೂ ನೀರ ಹಾಕಿಲ್ಲ ನಿಮಗ. ನಿಮ್ಮ ಸಾಹೇಬ್ರ ಹಣೇಬರ ನಿಮಗ ಗೊತ್ತೈತಲ್ಲ!"

ಹುಸೇನಸಾಬರು ಬಾಯಿಗೆ ಟೇಪು ತುರುಕಿಕೊಂಡು ನಕ್ಕರು. ಕಾಕಾ ಏಳಲು ಹೊರಟರು, ನಾನು ಅಂಗಿ ಹಿಡಿದು ಎಳೆದೆ. ಕಾಕು ಕೆಳಗಿಳಿದು ಹೋದರು. ಕಾಕಾ ಅವರ ಮುಖದಲ್ಲಿ ಜಯ ಇತ್ತು. "ನೋಡಿದ್ಯಾ? ಹಾಕಿಲ್ಲ ಅಂತ ನನ್ನ ಮುಂದ ಹೆಂಗ ಹೇಳ್ತಾಳ ನೋಡು! ಇವತ್ತ ಚಾ ಕುಡ್ಯೂಮುಂದ ವಿಚಾರಣಿ ಮಾಡ್ತೇನಿ. ಸಾಕ್ಷಿ ನೀವಿಬ್ರೂ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಮತ್ತೆ ಸಪ್ಪಳ. ಕಾಕು ಬಂದರು. ಅದೇ ತಂಬಿಗೆ. ಸೆರಗು ಸಿಕ್ಕಿಸಿ, ತುಳಸಿಗೆ ನೀರು ಹಾಕಿ ಕೈ ಮುಗಿದರು. ತಿರುಗಿ, ಒದ್ದೆ ಕುಂಡಗಳ ಮುಂದೆ ಬಗ್ಗಿ ಹೇಳಿದರು: "ಕುಡೀರ್ಯಪ್ಪಾ, ಕುಡೀರಿ. ಇವತ್ತ ಯಾರೂ ನೀರ ಹಾಕಿಲ್ಲ ನಿಮಗ."

ಹುಸೇನಸಾಬರು ಬಾಯಿಯಿಂದ ಟೇಪನ್ನು ಮೆಲ್ಲಗೆ ತೆಗೆದರು.

ಕಾಕು ಮತ್ತೆ ಕೆಳಗೆ ಹೋದರು. ನಾವು ಯಾರೂ ಏಳಲಿಲ್ಲ. ಮೂರನೇ ಸಲ ಸಪ್ಪಳವಾದಾಗ ಕಾಕಾ ಗೌಡ್ರ ಕಡೆ ನೋಡುತ್ತಿರಲಿಲ್ಲ, ಮೆಟ್ಟಿಲ ಬಾಗಿಲನ್ನು ನೋಡುತ್ತಿದ್ದರು. ಕಾಕು ಹೊಸದಾಗಿ ಬಂದವರಂತೆ ಬಂದರು, ಹೊಸದಾಗಿ ಕನಿಕರಪಟ್ಟರು. ಗೌಡ್ರ ಬುಡದಲ್ಲಿ ನೀರು ನಿಂತು ತುಂಬಿ ಹೊರಗೆ ಹರಿಯಿತು. ಕಾಕಾ ಕೂಗಲಿಲ್ಲ.

ಕೆಳಗೆ ಬಂದಾಗ ಕಾಕು ಕೇಳಿದರು: "ಎಲ್ಲೆ ಹೋಗಿದ್ರಿ ಎಲ್ಲಾರೂ? ಚಾ ಮಾಡೇನಿ, ಕುಡೀರಿ." ಕುಡಿದೆವು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ ಚಹಾ ಬಂತು. ನಾನು ಆ ಕಪ್ಪನ್ನು ನೋಡುತ್ತ ಕೂತೆ. ಬೇರೆ ಯಾವುದಾದರೂ ಸೀಮೆಯಲ್ಲಿ ಎರಡನೇ ಚಹಾ ಬಂದಾಗಲೇ ಮನೆಯವರು ಗಾಬರಿಯಾಗುತ್ತಿದ್ದರೇನೋ. ನಮ್ಮಲ್ಲಿ ಅದಕ್ಕೆ ಉಪಚಾರ ಎಂಬ ಹೆಸರಿತ್ತು. ಕಾಕಾ ಕಪ್ಪು ಎತ್ತಿ ಪೂರ್ತಿ ಕುಡಿದು, "ಚಲೋ ಆಗೇತಿ," ಎಂದರು. ವಿಚಾರಣೆ ನಡೆಯಲಿಲ್ಲ.

ಕಾಕಾ ವಿಜಯಪುರದಲ್ಲಿ ಕಾಕು ಅವರನ್ನು ಡಾಕ್ಟರಿಗೆ ತೋರಿಸಿದರು. ಡಾಕ್ಟರು ಗುಳಿಗೆ ಬರೆದುಕೊಟ್ಟರು, ಕಾಯಿಲೆಯ ಹೆಸರನ್ನೂ ಹೇಳಿದರು. ಏನು ಹೆಸರು ಎಂದು ನಾನು ಫೋನಿನಲ್ಲಿ ಕೇಳಿದೆ. "ಹೇಳ್ಯಾರ. ನಾ ಅದರ ಹೆಸರ ನೆನಪ ಇಟ್ಕೊಳ್ಳೂದಿಲ್ಲ," ಎಂದರು ಕಾಕಾ.

ಮುದ್ದೇಬಿಹಾಳದಿಂದ ಮಗಳು ಬಂದಳು. ಕೆಲವು ದಿನ ತಾಯಿಯ ಬೆನ್ನಿಗೇ ಇದ್ದು, ಹೊರಡುವಾಗ ಒಂದು ಉಪಾಯ ಹೇಳಿದಳು. ನಾನು ಅಲ್ಲೇ ಇದ್ದೆ.

"ಅಪ್ಪಾ, ಮಾಳಿಗಿ ಬಾಗಲಕ್ಕ ಒಂದ ಕೀಲಿ ಹಾಕ್ರಿ. ಗೌಡ್ರರ ಉಳೀತಾರ."

ಕಾಕಾ ತಮ್ಮ ಹೆಬ್ಬೆರಳು ನೋಡಿಕೊಂಡರು. ಫೌಜದಾರನೂ ಆ ವಾರವೇ ಹೋಗಿದ್ದ. "ಸರ್ವಿಸ್ ತುಂಬ ನೀರಿಗೆ ಕೀಲಿ ಹಾಕೇನವಾ," ಎಂದರು. "ಇಕಿ ಮುಂದ ಹಾಕೂದು ನನ್ನ ಕಡಿಂದ ಆಗೂದಿಲ್ಲ. ಕೊಡಾ ಹಿಡಕೊಂಡು ಮುಚ್ಚಿದ ಬಾಗಲಾ ನೋಡ್ಕೋತ ನಿಂತವರ ಮಾರಿ ನಾ ಕಂಡೇನಿ."

ಮುಂದಿನ ಸಲ ನಾನು ಸಿಂದಗಿಗೆ ಹೋದದ್ದು ಬೇಸಿಗೆಯ ಆರಂಭಕ್ಕೆ. ಬಸ್ ನಿಲ್ದಾಣದಿಂದ ನಡೆದು ಬರುವಾಗ ಹುಸೇನಸಾಬರ ಅಂಗಡಿಯ ಮುಂದೆ, ಬಿಸಿಲಿನಲ್ಲಿ, ಗೌಡ್ರು ಕೂತಿದ್ದರು. ಹೊಟ್ಟೆಯ ಕೊಳೆತ ಬದಿಯನ್ನು ಕಾಕಾ ಆಳವಾಗಿ ಕೆತ್ತಿ ತೆಗೆದು, ಗಾಯ ಒಣಗಿಸಿದ್ದರು. ತುದಿಯಲ್ಲಿ ಎರಡು ಮೊಗ್ಗು. ಪಕ್ಕದಲ್ಲಿ ತಗಡಿನ ಹಲಗೆ: 'ಇಲ್ಲಿ ನೀರು ಹಾಕಬಾರದು.' ಒಳಗಿನಿಂದ ಹುಸೇನಸಾಬರು ಹೇಳಿದರು: "ಅಣ್ಣಾರ ದಿನಾ ಮುಂಜಾನೆ ಬಂದು ಒಂದ ಸಲ ಒತ್ತಿ ನೋಡಿ ಹೋಗ್ತಾರ್ರಿ. ಗಿರಾಕಿ ಕೇಳಿದ್ರ ನಮ್ಮ ಪಾರ್ಟನರ್ ಅಂತ ಹೇಳೇನಿ." ಉಳಿದ ಗಿಡಗಳು ಓಣಿಯ ಮನೆಗಳಿಗೆ ಹಂಚಿಹೋಗಿದ್ದವು. ಪೇಪರ್‌ನ್ಯಾಂವನನ್ನು ನನಗೆಂದು ಬೇರೆ ತೆಗೆದಿಟ್ಟಿದ್ದರು. ಯಾರೂ ಒಯ್ಯಲಿಲ್ಲವಂತೆ.

ನಾನು ಮಾಳಿಗೆ ಹತ್ತಿದೆ. ಖಾಲಿ ಇರುತ್ತದೆ ಎಂದುಕೊಂಡಿದ್ದೆ. ಇಡೀ ಮಾಳಿಗೆ ಹಸಿರಾಗಿತ್ತು. ಎದೆಯೆತ್ತರದ ಅಗಲ ಎಲೆಗಳು, ನಡುನಡುವೆ ಕೆಂಪು ಹಳದಿ ಹೂಗಳು. ಒಂದು ಮೂಲೆಯಲ್ಲಿ ಪುದೀನಾ ಕುಂಡ ಬಿಟ್ಟು ನೆಲಕ್ಕೆ ಇಳಿದಿತ್ತು. ಕಾಕಾ ಮಗಳ ಊರಿಗೆ ಹೋದಾಗ ತಂಗಡಗಿಯವರೆಗೂ ಹೋಗಿ ಕೃಷ್ಣೆಯ ದಂಡೆಯ ಕೆಸರಿನಿಂದ ಇವುಗಳ ಗಡ್ಡೆಗಳನ್ನು ಕಿತ್ತು ತಂದಿದ್ದರು. ಕುಂಡಗಳಲ್ಲಿದ್ದದ್ದು ಇಂಡಿಯ ಗೆಳೆಯರ ಹೊಲದ ಆ ಕಪ್ಪು ಮಣ್ಣು.

"ಇವು ಯಾವ ಜಾತಿರಿ ಕಾಕಾ?"

"ಹೊಳಿ ದಂಡಿ ಜಾತಿ. ಎಷ್ಟ ಸಲ ಹಾಕಿದ್ರೂ ಕುಡೀತಾವ. ಬ್ಯಾಡ ಅನ್ನೂದ ಗೊತ್ತಿಲ್ಲ ಇವಕ್ಕ."

ನಳದ ಹಿಡಿ ಮರಳಿ ತನ್ನ ಜಾಗದಲ್ಲಿತ್ತು. ನೀರಿನ ಟಾಕಿಯ ನೆರಳು ಅರ್ಧ ಇಳಿದಿತ್ತು. ನಾವು ಅದರಲ್ಲಿ ಕೂತೆವು. ಕಾಕು ತಂಬಿಗೆ ಹಿಡಿದು ಬಂದು, ಸೆರಗು ಸಿಕ್ಕಿಸಿ, ತುಳಸಿಗೆ ಕೈ ಮುಗಿದು, ಎಲ್ಲ ಕುಂಡಗಳಿಗೂ ನೀರು ಹಾಕಿ, ನನಗೆ ಚಹಾ ತರುತ್ತೇನೆಂದು ಇಳಿದು ಹೋದರು. ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗಲೇ ಮೆಟ್ಟಿಲ ಮೇಲೆ ಸಪ್ಪಳವಾಯಿತು. ಕಾಕು ಖಾಲಿ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತರು. ಕುಂಡಗಳನ್ನು ನೋಡಿದರು, ಕೈಯಲ್ಲಿದ್ದ ತಂಬಿಗೆಯನ್ನು ನೋಡಿದರು. ಅವರ ಮುಖದಲ್ಲಿ ಒಂದು ಸಣ್ಣ ಹೆದರಿಕೆ ಬಂತು.

"ರೀ, ಇವತ್ತ ಇವಕ್ಕ ನೀರ ಹಾಕೇನೇನ್ರಿ ನಾ?"

ಕಾಕಾ ಎದ್ದರು. ಹೆಂಡತಿಯ ಕೈಯಿಂದ ತಂಬಿಗೆ ತೆಗೆದುಕೊಂಡು ನಳದ ಕೆಳಗೆ ಹಿಡಿದು, ಅಂಚಿನವರೆಗೆ ತುಂಬಿಸಿ, ಮರಳಿ ಅವರ ಕೈಗೆ ಕೊಟ್ಟರು.

"ಇಲ್ಲ," ಎಂದರು. "ಈಗ ಹಾಕು."